ಮಗ್ಗದ ಬಲ್ಬಿನ ಕೆಳಗೆ ಕನಕಾಂಬರ

ಗಿಡಮರದ ವಿಷಯದಲ್ಲಿ ನಮ್ಮ ಚಿಕ್ಕಪ್ಪನಷ್ಟು ದಡ್ಡರು ಇಡೀ ಹಿಂದೂಪುರದಲ್ಲೇ ಇರಲಿಲ್ಲ! ಆದರೂ ಕರೆಂಟಿನಿಂದ ಗಿಡ ಬೆಳೆಸಿದವರು ಅವರೊಬ್ಬರೇ. ನಗಬೇಡಿ, ನಿಜ.

ಆಗ ನಮ್ಮ ಓಣಿಗೆ ಕರೆಂಟು ಬಂದ ಹೊಸತು. ಚಿಕ್ಕಪ್ಪನ ಮಗ್ಗದ ಕೋಣೆಗೆ ಇದ್ದದ್ದು ಒಂದೇ ಬಲ್ಬು. ಆ ವರ್ಷ ಚಿಕ್ಕಮ್ಮ ಜಾರಿಬಿದ್ದು ಸೊಂಟ ಮುರಿದುಕೊಂಡು, ಮಗ್ಗದ ಪಕ್ಕದಲ್ಲೇ ಮಂಚ ಹಿಡಿದರು. ದಿನವೂ ಕನಕಾಂಬರ ಮುಡಿಯುತ್ತಿದ್ದವರು ತಲೆ ಬಾಚುವುದನ್ನೇ ಬಿಟ್ಟರು. ಚಿಕ್ಕಪ್ಪ ಸಂತೆಯಿಂದ ಹೂ ತಂದರೆ ಮುಖ ತಿರುಗಿಸುತ್ತಿದ್ದರು.

"ಕಲ್ಯಾಣದುರ್ಗದಿಂದ ನಮ್ಮಮ್ಮ ಕೊಟ್ಟು ಕಳಿಸಿದ ಕನಕಾಂಬರದ ಗಿಡ ಹಿತ್ಲಲ್ಲೈತೆ. ಅದನ್ನ ನೋಡೋಕೂ ಆಗ್ದಿದ್ಮೇಲೆ ಬೇರೆ ಹೂವು ಯಾಕೆ?"

ಚಿಕ್ಕಪ್ಪ ಸುಮ್ಮನಿರುವ ಆಸಾಮಿಯೇ? ಗಿಡವನ್ನೇ ಬೇರುಸಮೇತ ಎಬ್ಬಿಸಿ, ಹಳೇ ಡಬ್ಬಕ್ಕೆ ನೆಟ್ಟು, ಮಂಚದ ಪಕ್ಕ ತಂದಿಟ್ಟರು! ಕತ್ತಲೆ ಕೋಣೆ. ಗಿಡ ಬಿಳಿಚಿಕೊಂಡು, ಉದ್ದುದ್ದ ಬೆಳೆದು ಜೋತುಬಿತ್ತು. ನೇಕಾರರಲ್ಲವೇ, ಎಳೆ ಸೊರಗಿದರೆ ಏನು ಮಾಡಬೇಕೆಂದು ಅವರಿಗೆ ಗೊತ್ತು: ನೂಲು ಗಟ್ಟಿಯಾಗಲೆಂದು ಹಾಕುವ ಗಂಜಿಯನ್ನೇ ಕಾಂಡಕ್ಕೆ ಬಳಿದರು! ಗಿಡ ನೆಟ್ಟಗೆ ನಿಲ್ಲಲಿಲ್ಲ. ಇರುವೆಗಳು ಮಾತ್ರ ಸಂಸಾರ ಸಮೇತ ಊಟಕ್ಕೆ ಬಂದವು.

ಕೊನೆಗೆ ಮಲಗಿದ್ದಲ್ಲಿಂದ ಚಿಕ್ಕಮ್ಮನೇ ಹೇಳಿದರು: "ಅದು ನಿಮ್ ಬಲ್ಬ್ ಕಡೀಕೇ ಬಗ್ತೈತೆ ನೋಡ್ರೀ. ಅದಕ್ಕೆ ಗಂಜಿ ಅಲ್ಲ, ಬೆಳಕು ಬೇಕು."

ಸರಿ, ಬಲ್ಬು ಹಗ್ಗ ಕಟ್ಟಿಸಿಕೊಂಡು ಗಿಡದ ನೆತ್ತಿಯ ಮೇಲೆ ಹೋಯಿತು. ಎಲೆ ಸುಡಬಾರದಲ್ಲ? ಆಗಾಗ ನೇಯ್ಗೆ ನಿಲ್ಲಿಸಿ, ಎಲೆಯ ಮೇಲೆ ಅಂಗೈ ಹಿಡಿದು ಶಾಖ ನೋಡುವುದು, ಹೆಚ್ಚಾಗಿದ್ದರೆ ಹಗ್ಗ ಎಳೆಯುವುದು. ಚಿಕ್ಕಮ್ಮನ ಅಪ್ಪಣೆಯಂತೆ ಉದ್ದದ ಕುಡಿಗಳನ್ನೂ ಚಿವುಟಿದರು, ಪ್ರತಿ ಕುಡಿಗೂ "ನೋಯ್ತದೇನೋ" ಎನ್ನುತ್ತ. ತಾವು ಮಾತ್ರ ಅರೆಗತ್ತಲಲ್ಲಿ ನೇಯ್ದರು. ಸೀರೆಯ ಅಂಚು ಹಾವು ಹರಿದ ಹಾಗೆ!

ಪಕ್ಕದ ಮನೆ ತಾತ ಇಣುಕಿ ನೋಡಿ, "ಏಮಪ್ಪಾ, ಪಿಚ್ಚಿ ಪಟ್ಟಿಂದಾ? ಗಿಡಕ್ಕೆ ದೀಪ, ಮಗ್ಗಕ್ಕೆ ಕತ್ಲೆ!" ಎಂದರು.

"ಹುಚ್ಚು ಹಿಡಿದ್ರೆ ಹಿಡೀಲಿ ಬಿಡು ತಾತ. ಸೀರೆ ಯಾರೋ ಉಟ್ಕಂತಾರೆ, ಹೂವು ನಮ್ಮೋಳು ಮುಡೀಬೇಕು ಕಣಪ್ಪ."

ಗಿಡ ಗಿಡ್ಡಗೆ, ಹಸಿರು ಹಸಿರಾಗಿ ತುಂಬಿಕೊಂಡಿತು. ಒಂದು ಸಂಜೆ ಹೂವೂ ಅರಳಿತು. ಚಿಕ್ಕಪ್ಪ ಮಗ್ಗದ ನೂಲಿನಲ್ಲೇ ಕಟ್ಟಿದರು. ಮಾಲೆ ಬೆರಳುದ್ದವೂ ಇರಲಿಲ್ಲ. ಚಿಕ್ಕಮ್ಮ ಅಂದು ತಾವಾಗಿಯೇ ಬಾಚಣಿಗೆ ಕೇಳಿದರು.

ಚಿಕ್ಕಮ್ಮ ಮತ್ತೆ ಎದ್ದು ಓಡಾಡಲಿಲ್ಲ. ಈಗ ಇಬ್ಬರೂ ಇಲ್ಲ. ಆ ಸಂಜೆ ಹೂ ಮುಡಿಸಿ, ಚೆನ್ನಾಗಿ ನೋಡಬೇಕೆಂದು ಚಿಕ್ಕಪ್ಪ ಬಲ್ಬನ್ನು ಚಿಕ್ಕಮ್ಮನ ಕಡೆಗೆ ಎಳೆದರು. ಆಮೇಲೆ ಅವರ ತಲೆಯ ಮೇಲೆ ಅಂಗೈ ಹಿಡಿದು ನಿಂತರು.

"ಏನ್ರೀ ಅದು?"

"ಸುಮ್ಕಿರು, ಬಿಸಿ ಜಾಸ್ತಿ ಐತೇನೋ ನೋಡ್ತೀನಿ."