ಚದುರದಿದ್ದರೆ ನೀರು ಬಿಡುತ್ತೇವೆ

ವಾಲ್ವಿನ ಚಾವಿ ತಿರುಗಿಸುವ ಮುಂಚೆ ಒಂದು ಲೋಟ ಚಹಾ ಕುಡಿದು ಬರೋಣ ಅಂತ ಹೋಗದಿದ್ದರೆ ನೀರಣ್ಣನಿಗೆ ಅವತ್ತು ಆ ಪಾಡು ಬರುತ್ತಿರಲಿಲ್ಲ.

ನೀರಣ್ಣ ಅಂದರೆ ಊರಿನ ಬೀದಿಗಳಿಗೆ ಸರದಿಯಂತೆ ನೀರು ಬಿಡುವವನು. ಅವನ ನಿಜವಾದ ಹೆಸರು ಅವನಿಗೇ ಮರೆತುಹೋದಂತಿತ್ತು. ಊರಿನ ಪಂಪು ಸುಟ್ಟು ಎಂಟು ದಿನವಾಗಿತ್ತು. ಮೇಲಿನ ತೊಟ್ಟಿಯಲ್ಲಿ ಉಳಿದದ್ದು ಒಂದೇ ಬೀದಿಗೆ ಸಾಲುವಷ್ಟು, ಸರದಿಯೂ ಅವನದೇ ಬೀದಿಯದು. "ಇವತ್ತೂ ನಲ್ಲೀಲಿ ನೀರು ಬರ್ಲಿಲ್ಲ ಅಂದ್ರೆ ನೀವೂ ಮನೆಗೆ ಬರ್ಬೇಡಿ," ಎಂದು ಹೆಂಡತಿ ಬೆಳಿಗ್ಗೆಯೇ ಖಡಾಖಂಡಿತವಾಗಿ ಹೇಳಿ ಕಳಿಸಿದ್ದಳು.

ಆಸೆ ಇಟ್ಟುಕೊಳ್ಳುವುದಕ್ಕೆ ಒಂದು ಕಾರಣ ಮಾತ್ರ ಇತ್ತು. ದೂರದ ಸ್ನೇಹದೇಶವೊಂದು ಊರಿಗೆ ಎರಡು ಉಡುಗೊರೆ ಕೊಡುತ್ತೇನೆಂದಿತ್ತು: ಪೊಲೀಸರಿಗೆ ನೀರು ಚಿಮ್ಮಿಸಿ ಗುಂಪು ಚದುರಿಸುವ ಒಂದು ಗಾಡಿ, ಜನರಿಗೆ ಒಂದು ಹೊಸ ಪಂಪು. ಗಾಡಿ ಮೊದಲು ಬಂತು. ಅಂಥವು ಯಾವಾಗಲೂ ಮೊದಲು ಬರುತ್ತವೆ. ಆ ದೇಶದ ಅಧಿಕಾರಿಣಿ ಇವತ್ತು ಬಂದು, ಗಾಡಿ ನೋಡಿ, ಒಂದು ಫಾರಂ ತುಂಬಿಸಿಕೊಂಡು ಹೋದರೆ ಪಂಪೂ ಹಡಗು ಹತ್ತುವುದಿತ್ತು.

ಚಹಾ ಮುಗಿಸಿ ಬಂದರೆ ವಾಲ್ವಿನ ಪಕ್ಕದಲ್ಲಿ ಇನ್ಸ್‌ಪೆಕ್ಟರು ನಿಂತಿದ್ದರು.

"ಏ ನೀರಣ್ಣ, ತೊಟ್ಟೀಲಿರೋದನ್ನೆಲ್ಲ ನಮ್ಮ ಗಾಡಿಗೆ ತುಂಬು."

"ಸಾರ್, ಇವತ್ತು ನಮ್ಮ ಬೀದಿ ಸರದಿ. ನನ್ನ ಹೆಂಡ್ತಿ..."

"ಹನ್ನೊಂದಕ್ಕೆ ಮೇಡಂ ಬರ್ತಾರೆ. ಖಾಲಿ ಗಾಡಿ ತೋರಿಸಿದ್ರೆ ನಿನ್ನ ಪಂಪೂ ಬರಲ್ಲ, ಗೊತ್ತಾಯ್ತಾ?"

ಗೊತ್ತಾಗದೆ ಏನು? ನೀರಣ್ಣ ಚಾವಿ ಎತ್ತಿಕೊಂಡು, ಗಾಡಿ ನಿಂತಿದ್ದ ತೊಟ್ಟಿಪಕ್ಕದ ಮೈದಾನಕ್ಕೆ ಹೋದ. ಹೋದವನು ಗಾಡಿಯನ್ನು ಕಂಡು ನಿಂತಲ್ಲೇ ನಿಂತುಬಿಟ್ಟ. ಒಂದೊಂದು ಚಕ್ರವೂ ಅವನ ಎದೆಯೆತ್ತರ. ನೆತ್ತಿಯ ಮೇಲೆ ಎರಡು ಕೊಳವೆ; ಒಳಗೆ ಕೂತವನು ಬೆರಳಾಡಿಸಿದರೆ ಸಾಕು, ಸದ್ದಿಲ್ಲದೆ ತಿರುಗುತ್ತಿದ್ದವು. ಹೊಟ್ಟೆಯಲ್ಲಿ ಒಂಬತ್ತು ಸಾವಿರ ಲೀಟರು. ತುಂಬುವಾಗ ಅವನು ಪ್ರತಿ ಸಂದಿಗೂ ಕೈಯಿಟ್ಟು ನೋಡಿದ. ಒಂದು ಹನಿ ಸೋರಿಕೆಯಿಲ್ಲ! ಇಪ್ಪತ್ತು ವರ್ಷ ಸೋರುವ ಪೈಪುಗಳಿಗೆ ಹಳೇ ಟೈರಿನ ತುಂಡು ಕಟ್ಟಿಕೊಂಡೇ ಬಂದ ಮನುಷ್ಯ. ಹೀಗೂ ಉಂಟೇ ಅಂತ ಅವನ ಕಣ್ಣಲ್ಲಿ ನೀರು ಬಂತು. ಆ ಹೊತ್ತಿಗೆ ಗಾಡಿಯ ಹೊರಗೆ ಊರಲ್ಲಿದ್ದ ನೀರು ಅದೊಂದೇ.

ಅತ್ತ ಬೀದಿಯ ನಲ್ಲಿಗಳು ಬುಸ್ಸೆಂದು ಗಾಳಿ ಬಿಟ್ಟು ಸುಮ್ಮನಾದವು. ತುದಿಮನೆ ಅಜ್ಜಿಗೆ ಸುದ್ದಿ ಸಿಕ್ಕಿದರೆ ಡಂಗುರದವನಿಗೆ ರಜೆ. "ನಮ್ಮ ನೀರನ್ನ ಅವನು ಪೊಲೀಸ್ ಗಾಡಿಗೆ ಕುಡಿಸ್ತಿದ್ದಾನೆ ಕಣ್ರೇ!" ಎಂದು ಅವಳು ಒಂದು ಸಲ ಕೂಗಿದ್ದೇ ತಡ, ಇಡೀ ಬೀದಿ ಕೊಡ, ಬಕೆಟ್ಟು, ಪಾತ್ರೆ ಹಿಡಿದು ಮೈದಾನಕ್ಕೆ ನುಗ್ಗಿತು. ಮುಂದಿನ ಸಾಲಿನಲ್ಲಿ ನೀರಣ್ಣನ ಹೆಂಡತಿ.

ಸರಿಯಾಗಿ ಆಗಲೇ ಅಧಿಕಾರಿಣಿಯ ಕಾರು ಬಂತು. ಇನ್ಸ್‌ಪೆಕ್ಟರಿಗೆ ರೋಗಿ ಬಯಸಿದ್ದೂ ಹಾಲು, ವೈದ್ಯ ಹೇಳಿದ್ದೂ ಹಾಲು ಎನ್ನುವಂತಾಯಿತು. ಗಾಡಿ ತೋರಿಸಬೇಕಿತ್ತು, ಗುಂಪು ತಾನಾಗಿಯೇ ಬಂದಿತ್ತು. ಧ್ವನಿವರ್ಧಕ ಎತ್ತಿಕೊಂಡರು.

"ಎಲ್ಲರೂ ಕೂಡಲೇ ಚದುರಬೇಕು! ಚದುರದಿದ್ದರೆ ನೀರು ಬಿಡುತ್ತೇವೆ!"

ಜನ ಮುಖಮುಖ ನೋಡಿಕೊಂಡರು.

"ನೀರು ಬಿಡ್ತಾರಂತೆ!" ಎಂದಳು ಅಜ್ಜಿ. "ಸಾಲಾಗಿ ನಿಂತ್ಕೊಳ್ರೇ, ತಳ್ಳಾಡ್ಬೇಡಿ!"

ಇನ್ಸ್‌ಪೆಕ್ಟರು ಮೂರು ಸಲ ಎಚ್ಚರಿಸಿದರು. ಪ್ರತಿ ಎಚ್ಚರಿಕೆಗೂ ಸಾಲು ಇನ್ನಷ್ಟು ನೆಟ್ಟಗಾಯಿತು.

ನೀರು ಬಂತು. ಅಂಥ ನೀರನ್ನು ನೀರಣ್ಣ ಜನ್ಮದಲ್ಲಿ ಕಂಡಿರಲಿಲ್ಲ. ಬಿಳಿಯ ಕಂಬವೊಂದು ಗುಡುಗುತ್ತ ಮೈದಾನವನ್ನು ದಾಟಿತು, ಅದರ ನೆತ್ತಿಯಲ್ಲಿ ಕಾಮನಬಿಲ್ಲು ಮೂಡಿತು, ಅವನು ಬಾಯಿ ತೆರೆದು ನೋಡುತ್ತಲೇ ಇದ್ದ. ಮರುಗಳಿಗೆ ಕೊಡಗಳು ಹಾರಿದವು. ಬೀದಿಯ ಬಡಗಿ ಮಗುಚಿಬಿದ್ದು ತೋಳು ತಿರುಚಿಕೊಂಡ. ನೀರಣ್ಣನ ಹೆಂಡತಿ ಬಕೆಟ್ಟಿನ ಸಮೇತ ಮೈದಾನದ ಗೋಡೆಗೆ ಅಪ್ಪಳಿಸಿದಳು. ಅವಳನ್ನು ಬೀಳಿಸಿದ್ದು ಅವನೇ ತುಂಬಿದ ನೀರು.

"ನಿಲ್ಸಿ ಸಾರ್!" ಎಂದು ಕಿರುಚುತ್ತ ಓಡಿದ. ಆದರೆ ಜನ ಆಗಲೇ ಉಪಾಯ ಕಲಿತಿದ್ದರು. ಎದುರಿಗೆ ನಿಲ್ಲಬಾರದು, ಗೋಡೆಗೆ ಬಡಿದು ಇಳಿಯುವುದನ್ನು ಹಿಡಿಯಬೇಕು. ಹೆಂಡತಿ ಹಣೆಯಿಂದ ರಕ್ತ ಇಳಿಯುತ್ತಿದ್ದರೂ ಬಕೆಟ್ಟು ಒಡ್ಡಿ ಕೂತಿದ್ದಳು. ಹತ್ತು ನಿಮಿಷದಲ್ಲಿ ಗಾಡಿ ಬರಿದಾಯಿತು, ಬಕೆಟ್ಟುಗಳು ತುಂಬಿದವು.

ಅಧಿಕಾರಿಣಿ ಕೆಟ್ಟವಳಲ್ಲ. ಮುಖ ಬಿಳಿಚಿಕೊಂಡು ಓಡಿಬಂದಳು. ಉಡುಗೊರೆಯಿಂದ ಯಾರಿಗೂ ನೋವಾಗಕೂಡದು ಎಂದು ಅವಳ ದೇಶದಲ್ಲಿ ಕಾನೂನೇ ಇತ್ತು, ಫಾರಮ್ಮೂ ಇತ್ತು. ಅವಳು ಕೇಳಿದಂತೆ ಇನ್ಸ್‌ಪೆಕ್ಟರು ಕನ್ನಡದಲ್ಲಿ ಹೇಳುತ್ತ ಹೋದರು.

"ಯಾರಿಗಾದ್ರೂ ಪೆಟ್ಟಾಯ್ತಾ, ಕೇಳ್ತಿದ್ದಾರೆ."

ಬಡಗಿ ತೋಳನ್ನು ಬೆನ್ನ ಹಿಂದೆ ಇಟ್ಟುಕೊಂಡ. ನೀರಣ್ಣನ ಹೆಂಡತಿ ಹಣೆಯ ಮೇಲೆ ಕೂದಲು ಎಳೆದುಕೊಂಡಳು. "ಇಲ್ಲ, ಇಲ್ಲ," ಎಂದರು ಎಲ್ಲರೂ.

"ತಕರಾರು ಏನಾದ್ರೂ?"

"ಇದೆ," ಎಂದಳು ಅಜ್ಜಿ. "ಬೇಗ ನಿಂತೋಯ್ತು. ನಾಳೆ ಸ್ವಲ್ಪ ಜಾಸ್ತಿ ಹೊತ್ತು ಬಿಡಿ ಅನ್ನು."

ಅಧಿಕಾರಿಣಿ ಬೆರಗಾದಳು. ಹನ್ನೊಂದು ದೇಶಗಳಲ್ಲಿ ಜನ ಈ ಗಾಡಿಯಿಂದ ಓಡುವುದನ್ನು ನೋಡಿದ್ದೇನೆ, ಇದರ ಕಡೆಗೆ ಓಡುವುದನ್ನು ಇಲ್ಲೇ ನೋಡಿದ್ದು, ಎಂದಳು. ಫಾರಮ್ಮಿಗೆ ಜನರ ಪರವಾಗಿ ಒಬ್ಬರ ಸಹಿ ಬೇಕಿತ್ತು. ನೀರು ತುಂಬಿದವನೇ ಹಾಕಲಿ ಎಂದರು ಇನ್ಸ್‌ಪೆಕ್ಟರು.

ನೀರಣ್ಣ ಪೆನ್ನು ಹಿಡಿದು ಹೆಂಡತಿಯ ಕಡೆ ತಿರುಗಿದ. "ನಿನ್ನ ಹಣೆ..." ಎಂದ ಮೆಲ್ಲಗೆ.

"ಹಣೆ ವಾಸಿಯಾಗತ್ತೆ. ಪೆಟ್ಟಾಯ್ತು ಅಂದ್ರೆ ಸಿಟ್ಟಾಗಿ ಪಂಪು ಕಳ್ಸಲ್ಲ. ಹಾಕ್ರೀ ಸಹಿ!" ಎಂದು ಹೆಂಡತಿ ಹಲ್ಲು ಕಚ್ಚಿ ಪಿಸುಗುಟ್ಟಿದಳು.

ಹಾಕಿದ. ಆದರೆ ಮನಸ್ಸು ತಡೆಯಲಿಲ್ಲ. ಕೆಳಗೆ 'ಸಲಹೆಗಳು' ಎಂದು ಒಂದು ಖಾಲಿ ಸಾಲಿತ್ತು. ಇಪ್ಪತ್ತು ವರ್ಷದ ನೌಕರಿಯಲ್ಲಿ ಮೊದಲ ಬಾರಿಗೆ ಧೈರ್ಯ ಮಾಡಿ ದುಂಡಗೆ ಬರೆದ: 'ನಮ್ಮ ಊರಿನಲ್ಲಿ ನೀರಿಲ್ಲ. ದಯವಿಟ್ಟು ಗಮನಿಸಬೇಕು.' ಅಧಿಕಾರಿಣಿ ಅದನ್ನು ಓದಿಸಿ ಕೇಳಿ, ಅವನ ಕೈ ಕುಲುಕಿ, ಖಂಡಿತ ಗಮನಿಸುತ್ತೇನೆ ಎಂದು ಹೋದಳು. ಬೀದಿಗೆ ಬೀದಿಯೇ ನೀರಣ್ಣನ ಬೆನ್ನು ತಟ್ಟಿತು.

ಸಂಜೆಯೊಳಗೆ ಉತ್ತರ ಬಂತು. ಇನ್ಸ್‌ಪೆಕ್ಟರು ಅವನನ್ನು ಠಾಣೆಗೆ ಕರೆಸಿ ಕುರ್ಚಿ ಕೊಟ್ಟರು. ಅದಕ್ಕೇ ಅವನಿಗೆ ಅನುಮಾನ ಬರಬೇಕಿತ್ತು.

"ನಮ್ಮೂರ ಜನ ಗಾಡೀನ ಇಷ್ಟು ಮೆಚ್ಚಿದ್ದು ನೋಡಿ ಅವ್ರಿಗೆ ಭಾರೀ ಸಂತೋಷ ಆಗಿದೆ ಕಣಯ್ಯ. ಹಡಗಲ್ಲಿ ಪಂಪಿಗೆ ಇಟ್ಟಿದ್ದ ಜಾಗದಲ್ಲಿ ಇನ್ನೆರಡು ಗಾಡಿ ಕಳಿಸ್ತಿದ್ದಾರೆ."

ನೀರಣ್ಣ ಕುರ್ಚಿಯಿಂದ ಎದ್ದ. "ಅವಕ್ಕೆಲ್ಲ ತುಂಬೋಕೆ ನೀರೆಲ್ಲಿದೆ ಸಾರ್?"

"ಅದೇ! ನೀನು ಬರೆದಿದ್ಯಲ್ಲ, ಗಮನಿಸಿದ್ದಾರೆ. ಹೊಸ ಗಾಡಿಗೆ ನೀರೇ ಬೇಡ. ಅದು ಬರೀ ಹೊಗೆ ಬಿಡತ್ತೆ, ಕಣ್ಣು ಉರಿಸೋ ಹೊಗೆ."

ಮನೆಯ ಬಾಗಿಲಲ್ಲಿ ಹೆಂಡತಿ ಹಣೆಗೆ ಬಟ್ಟೆ ಕಟ್ಟಿಕೊಂಡು ಕಾಯುತ್ತಿದ್ದಳು. ಹಿಂದೆ ತುದಿಮನೆ ಅಜ್ಜಿ, ಅಜ್ಜಿಯ ಹಿಂದೆ ಇಡೀ ಬೀದಿ.

"ಏನಂತ್ರೀ? ನೀವು ಬರೆದಿದ್ದು ಓದಿದ್ರಂತಾ?"

ನೀರಣ್ಣ ವಾಲ್ವಿನ ಚಾವಿಯನ್ನು ಮೂಲೆಗೆ ಒರಗಿಸಿದ.

"ಓದಿದ್ರಂತೆ ಕಣೆ," ಎಂದ. "ಒಂದಕ್ಷರಾನೂ ಬಿಟ್ಟಿಲ್ಲ."