ಮೂಡುಬಿದಿರೆ–ಮಂಗಳ, ವಯಾ ಚಂದ್ರ

ಮಂಗಳ ಗ್ರಹಕ್ಕೆ ಮೊದಲು ಬಸ್ಸು ಬಿಟ್ಟವರು ಯಾರೆಂದು ಕೇಳಿದರೆ ನಾನು ಎದೆತಟ್ಟಿ ಹೇಳುತ್ತೇನೆ: ನನ್ನ ಸೋದರಮಾವ! ನಗು ಬಂತೇ? ನಗಿ. ನಗಲೆಂದೇ ಅವರು ಬಿಟ್ಟದ್ದು.

ಮಾವ ಖಾಸಗಿ ಬಸ್ಸಿನ ಕಂಡಕ್ಟರ್. ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳ ಎಂದು ಜೀವಮಾನವಿಡೀ ಓಡಾಡಿದವರು. ನಿವೃತ್ತಿಯಾದಾಗ ಬಸ್ಸು ಅವರನ್ನು ಬಿಟ್ಟಿತು, ಅವರು ಬಸ್ಸನ್ನು ಬಿಡಲಿಲ್ಲ. ಅತ್ತೆ ತವರಿಗೆ ಹೊರಟರೆ ರಿಕ್ಷಾದ ಬೆನ್ನಿಗೆ ಎರಡು ಪೆಟ್ಟು ಕೊಟ್ಟು, “ರೈಟ್, ಪೋಯಿ!” ಮದುವೆಮನೆಯಲ್ಲಿ ಊಟದ ಪಂಕ್ತಿಗೆ ಜನ ನುಗ್ಗಿದರೆ, “ಒಳಗೆ ಹೋಗಿ, ಒಳಗೆ ಹೋಗಿ, ನಡುವೆ ಜಾಗ ಉಂಟು!” ಮದುಮಗನೂ ಹೆದರಿ ಒಂದು ಎಲೆಯಷ್ಟು ಸರಿದಿದ್ದ!

ಇಂಥವರನ್ನು ನಮ್ಮ ಕಡೆಯ ಸಣ್ಣದೊಂದು ಬಾನುಲಿ ಕೇಂದ್ರದವರು ಕರೆದರು. ಹತ್ತು ನಿಮಿಷ ಅನುಭವ ಹೇಳಬೇಕಂತೆ.

“ಅನುಭವ ಎಲ್ಲರಿಗೂ ಉಂಟು. ನಾನು ನಾಟಕ ಮಾಡ್ತೇನೆ, ವಾರವಾರವೂ. ಬಸ್ಸು ಮಂಗಳಕ್ಕೆ ಹೋಗುವ ಕತೆ,” ಎಂದರು ಮಾವ.

“ಮಂಗಳೂರಿಗಾ ಸರ್?” ಎಂದಳು ಕಾರ್ಯಕ್ರಮ ನೋಡಿಕೊಳ್ಳುವ ಹುಡುಗಿ.

“ಊರು ಬಿಡು ಮಾರಾಯ್ತಿ. ಬರೀ ಮಂಗಳ!”

ಬರೆದು ಕೊಡುವ ಕೆಲಸ ನನ್ನ ತಲೆಗೆ ಬಂತು. ನಾನು ವಿಜ್ಞಾನದ ಟೀಚರ್, ಸುಮ್ಮನಿರಲಾದೀತೇ?

“ಮಾವ, ಬಾಹ್ಯಾಕಾಶದಲ್ಲಿ ಜನರಿಗೆ ಭಾರವೇ ಇರುವುದಿಲ್ಲ. ತೇಲ್ತಾರೆ.”

“ಒಳ್ಳೆಯದೇ ಆಯ್ತಲ್ಲ! ನಿಂತವರ ತಲೆಯ ಮೇಲೆ ಇನ್ನೊಂದು ಸಾಲು ಹಿಡಿಯುತ್ತದೆ!”

“ಗಾಳಿ ಇರುವುದಿಲ್ಲ.”

“ಟರ್ಪಾಲು ಇಳಿಸುವ. ನಮ್ಮ ಆಟಿ ತಿಂಗಳ ಮಳೆಯನ್ನೇ ತಡೆದ ಟರ್ಪಾಲು ಅದು!”

ಮೂರು ತಲೆಯ ಪ್ರಯಾಣಿಕನಿಗೆ ಎಷ್ಟು ಟಿಕೆಟ್ ಎಂಬ ಬಗ್ಗೆ ನಮ್ಮೊಳಗೆ ಎರಡು ದಿನ ಜಗಳವಾಯಿತು. ಕೊನೆಗೆ ಮಾವನ ತೀರ್ಪು: “ಒಂದೇ. ಸೀಟಿನಲ್ಲಿ ಕೂರುವುದು ತಲೆ ಅಲ್ಲವಲ್ಲ!”

ಧ್ವನಿಮುದ್ರಣದ ದಿನ ಮಾವ ಅಳದಂಗಡಿಯಿಂದ ಒಬ್ಬ ಸಣಕಲು ಮುದುಕರನ್ನು ಜೊತೆಗೆ ಕರೆತಂದರು. ಕುತ್ತಿಗೆಗೆ ಬೈರಾಸು ವಸ್ತ್ರ ಸುತ್ತಿಕೊಂಡಿದ್ದ ಅವರ ತೊಡೆಯ ಮೇಲೆ ರಬ್ಬರ್ ಉಂಡೆಯ ಹಳೇ ಹಾರ್ನ್. ನಾಟಕದಲ್ಲಿ ಅವರು ಡ್ರೈವರ್. ಮಾತೇ ಇಲ್ಲ. ಒಂದು ಪೋಂ ಎಂದರೆ ಹೌದು, ಎರಡು ಎಂದರೆ ಅಲ್ಲ.

“ಹಾರ್ನಿನ ಸದ್ದು ಕಂಪ್ಯೂಟರಿನಲ್ಲೇ ಉಂಟು ಸರ್. ಇವರು ಪಾಪ ಅಷ್ಟು ದೂರದಿಂದ ಯಾಕೆ ಬರಬೇಕು?” ಎಂದಳು ಹುಡುಗಿ.

ಮಾವ ಹಾಳೆಗಳನ್ನು ಮಡಚಿದರು. “ಹಾಗಾದ್ರೆ ಬಸ್ಸು ಕ್ಯಾನ್ಸಲ್!” ಎಂದವರೇ ಹೊರಗೆ ನಡೆದರು.

ನನಗೆ ಸಿಟ್ಟು ಬಂತು. ಹಿಂದೆಯೇ ಓಡಿದೆ. “ಒಂದು ಹಾರ್ನಿಗೆ ಎಂಥ ಹಟ ಮಾವ ಇದು?”

ಬಸ್‌ಸ್ಟ್ಯಾಂಡಿನ ಗದ್ದಲವನ್ನೇ ಮೀರಿಸುತ್ತಿದ್ದ ಆ ಗಂಟಲು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಅಂದೇ ಕೇಳಿದ್ದು.

“ಅವ ನನ್ನ ಡ್ರೈವರ್. ಹದಿನೆಂಟು ವರ್ಷ ಒಂದೇ ಬಸ್ಸಿನಲ್ಲಿ ಇದ್ದೆವು. ಗಂಟಲಿನ ಆಪರೇಷನ್ ಆಗಿ ಸ್ವರ ಹೋಯ್ತು. ಆಮೇಲೆ ಅವ ಮನೆಯಿಂದ ಹೊರಗೇ ಬರ್ಲಿಲ್ಲ. ನಾನು ಹೋದ್ರೂ ಗೋಡೆಗೆ ಮುಖ ಹಾಕಿ ಮಲಗ್ತಿದ್ದ. ಮಾತಾಡದೆ ಮಾಡುವಂಥ ಕೆಲಸ ಒಂದು ಅವನಿಗೆ ಬೇಕಿತ್ತು. ಭೂಮಿಯ ಮೇಲೆ ಹುಡುಕಿದೆ, ಸಿಗಲಿಲ್ಲ.”

ನಾನು ಒಳಗೆ ಹೋಗಿ ಹುಡುಗಿಗೆ ಹೇಳಿದೆ. ಅವಳು ಎದ್ದು, ಒಂದು ಮೈಕನ್ನು ತಂದು ಹಾರ್ನಿನ ಎದುರು ನಿಲ್ಲಿಸಿದಳು.

“ಡ್ರೈವರೇ, ಡೀಸೆಲ್ ಉಂಟಾ?” ಕೇಳಿದರು ಮಾವ.

ಪೋಂ.

“ಬ್ರೇಕ್ ಹಿಡೀತದಾ?”

ಪೋಂ.

“ಮಂಗಳಕ್ಕೆ ದಾರಿ ಗೊತ್ತುಂಟಾ?”

ಪೋಂ ಪೋಂ!

ಗಾಜಿನಾಚೆ ಕುಳಿತವರೆಲ್ಲ ಬಿದ್ದು ಬಿದ್ದು ನಕ್ಕರು. ಆ ಮುದುಕರೂ ನಕ್ಕರು. ಸದ್ದಿಲ್ಲ, ಭುಜಗಳು ಮಾತ್ರ ಕುಣಿಯುತ್ತಿದ್ದವು.

ಎಲ್ಲ ಮುಗಿದು ಹೊರಡುವಾಗ ಅವರು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಹಾಳೆಯ ಹಿಂದೆ ಏನೋ ಬರೆದು ಮಾವನ ಮುಂದೆ ಹಿಡಿದರು. ನಾನೂ ಬಗ್ಗಿ ಓದಿದೆ.

‘ನಾಳೆ ಡ್ಯೂಟಿ ಎಷ್ಟು ಗಂಟೆಗೆ?’

ಧ್ವನಿಮುದ್ರಣ ವಾರಕ್ಕೊಮ್ಮೆ ಮಾತ್ರ ಎನ್ನಲು ನಾನು ಬಾಯಿ ತೆರೆದೆ. ಮಾವ ನನ್ನ ಕೈಯನ್ನು ಮೆಲ್ಲನೆ ಅದುಮಿದರು.

“ಆರೂವರೆಗೆ,” ಎಂದರು ಅವರಿಗೆ. “ರೆಡಿ ಇರು. ನಾನೇ ಬರ್ತೇನೆ ನಿನ್ನ ಮನೆಗೆ.”