ಮುಲುಂಡಿನ ಖದಾನಿನಲ್ಲಿ ನನ್ನ ಪಾಂಡಿತ್ಯ

‘ಗೊತ್ತಿಲ್ಲ’ ಎನ್ನುವುದು ನನ್ನ ಬಾಯಿಂದ ಸುಲಭವಾಗಿ ಹೊರಡುವ ಮಾತಲ್ಲ. ಸ್ಟೇಷನ್ನಿನಲ್ಲಿ ಯಾರಾದರೂ ದಾರಿ ಕೇಳಿದರೆ, ಹೆಸರೇ ಕೇಳಿರದ ಗಲ್ಲಿಗೂ ಕೈ ತೋರಿಸಿ ಕಳಿಸುತ್ತೇನೆ. ಪಾಪ, ಅವರಲ್ಲಿ ಎಷ್ಟು ಮಂದಿ ಇನ್ನೂ ತಿರುಗುತ್ತಿದ್ದಾರೋ. ನಮ್ಮ ವಸತಿ ಸೊಸೈಟಿಯ ಕನ್ನಡಿಗರು ಭಾನುವಾರ ಬೆಳಿಗ್ಗೆ ಗುಡ್ಡ ಸುತ್ತುವ ಕೂಟ ಕಟ್ಟಿ, ಅದಕ್ಕೊಬ್ಬ ಮುಂದಾಳು ಬೇಕೆಂದಾಗ ನಾನು ಕೈ ಎತ್ತಿದ್ದೂ ಇದೇ ಧೈರ್ಯದಿಂದ. “ಒಂದು ವಾರ ನೋಡುವ ಮಾರಾಯ್ರೆ,” ಎಂದರು ಕೂಟದ ಹಿರಿಯರಾದ ಶೆಟ್ರು. ಮನೆಯಲ್ಲೂ ಆಫೀಸಿನಲ್ಲೂ ಯಾರನ್ನೂ ಮುನ್ನಡೆಸಿ ಗೊತ್ತಿಲ್ಲದ ನನಗೆ ಆ ಒಂದು ವಾರ ಗೆಲ್ಲಲೇಬೇಕಿತ್ತು.

ಕರೆದೊಯ್ದದ್ದು ಗುಡ್ಡದ ಹಿಂದಿನ ಹಳೆಯ ಕಲ್ಲುಗಣಿಗೆ. ಇಲ್ಲಿಯವರ ಬಾಯಲ್ಲಿ ಅದು ಖದಾನ್. ಕಲ್ಲು ತೆಗೆಯುವುದು ನಿಂತು ಎಷ್ಟೋ ಕಾಲವಾಗಿದೆ. ನಾಲ್ಕು ಮಾಳಿಗೆ ಎತ್ತರದ ಕಪ್ಪು ಬಂಡೆ, ಬುಡದಲ್ಲಿ ಹಸಿರು ನೀರಿನ ಹೊಂಡ, ಪಕ್ಕದಲ್ಲಿ ತುಕ್ಕು ಹಿಡಿದ ಒಂದು ಗಾಲಿ. ಬಂಡೆಯ ಮೈಮೇಲೆ ಉದ್ದಕ್ಕೆ ಇಳಿದ, ಅರ್ಧ ಸೀಳಿದ ಕೊಳವೆಯಂಥ ಗುರುತುಗಳು. ಅವು ಏನೆಂದು ನನಗೂ ಗೊತ್ತಿರಲಿಲ್ಲ. ಆದರೆ ಮುಂದಾಳು ಸುಮ್ಮನಿರುವಂತಿಲ್ಲವಲ್ಲ. ನನಗೆ ಗೊತ್ತಿದ್ದ ಕಲ್ಲು ಒಂದೇ, ನಮ್ಮ ಉಡುಪಿ ಕಡೆಯ ಮುರಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ. ಅದನ್ನೇ ಇಲ್ಲಿಗೂ ಹೊಂದಿಸಿದೆ. “ಕಲ್ಲು ನೆಲದೊಳಗೆ ಮೆತ್ತಗಿರ್ತದೆ. ಕಡಿದು ತೆಗ್ದು ಗಾಳಿ ತಾಗಿದ ಮೇಲೆ ಗಟ್ಟಿಯಾಗ್ತದೆ. ಈ ಗುರುತೆಲ್ಲ ಚಪ್ಪರದ ಕಂಬ ನಿಲ್ಲಿಸ್ಲಿಕ್ಕೆ.” ಶೆಟ್ರು ತಲೆದೂಗಿದರು. ಮುಂದಾಳ್ತನ ಬಹುಮಟ್ಟಿಗೆ ಕೈಗೆ ಬಂದಿತ್ತು.

“ಸಾಹೇಬ್ರ, ಈ ಕಲ್ಲು ಹುಟ್ಟಾ ಗಟ್ಟಿನ ಐತ್ರಿ,” ಎಂದಿತು ಹಿಂದಿನಿಂದ ಒಂದು ದನಿ. ನಮ್ಮ ಮನೆಯಲ್ಲಿ ಪಾತ್ರೆ ತಿಕ್ಕುವ ನಿಂಗವ್ವ. ವಿಜಯಪುರದ ಕಡೆಯವಳು, ಗುಡ್ಡದ ಬುಡದ ಚಾಳಿನಲ್ಲಿ ವಾಸ. ಅಂದು ರಜೆ ಹಾಕಿದ್ದವಳು ನಮ್ಮ ಹಿಂಡು ಕಂಡು ಹಿಂದೆಯೇ ಬಂದಿದ್ದಳು.

“ಮದುವ್ಯಾಗಿ ಬಂದಾಗ ನಂದು ಇಲ್ಲೇ ಕೆಲಸ್ರಿ. ಕಲ್ಲಿಗೆ ತೂತು ಹಾಕಾಕ ನಾ ಕಬ್ಬಿಣದ ಸಳಿ ಹಿಡೀತಿದ್ದೆ, ನಮ್ಮ ಮನಿಯವ್ರು ಮ್ಯಾಲಿಂದ ಸುತ್ತಿಗಿ ಹೊಡೀತಿದ್ರು. ಏಟಿಗೊಮ್ಮೆ ಸಳಿ ತಿರುವಬೇಕ್ರಿ, ಇಲ್ಲಂದ್ರ ಕಲ್ಲಾಗ ಸಿಕ್ಕೊಂಡು ಕುಂದರತೈತಿ. ಸಪ್ಪಳ ಬದಲಾತಂದ್ರ ಒಳಗ ಬಿರುಕೈತಿ ಅಂತ ತಿಳೀಬೇಕು. ಆಮ್ಯಾಲೆ ತೂತಿನಾಗ ಸಿಡಿಮದ್ದು ತುಂಬಿ ಹಾರಿಸೋದು. ನೀವು ಚಪ್ಪರದ ಕಂಬ ಅಂದ್ರಲ್ಲ, ಅದು ಆ ತೂತಿನ ಅರ್ಧರಿ. ಇನ್ನರ್ಧ ಹಾರಿ ಹೋತು.”

“ಸುತ್ತಿಗೆ ತಪ್ಪಿ ಕೈ ಮೇಲೆ ಬಿದ್ರೆ?” ಶೆಟ್ರು ಕೇಳಿದರು.

“ತಪ್ಪತಿರಲಿಲ್ರಿ.”

ಅಷ್ಟೇ ಅಂದಳು. ಅವಳ ಕೈಗಳನ್ನು ಅಂದೇ ಮೊದಲ ಬಾರಿ ಸರಿಯಾಗಿ ನೋಡಿದೆ. ವರ್ಷಗಟ್ಟಲೆ ನಮ್ಮ ಅಡುಗೆಮನೆಯಲ್ಲಿ ಓಡಾಡಿದವಳನ್ನು ನಾನು ಕೇಳಿದ್ದ ಪ್ರಶ್ನೆ ಒಂದೇ: “ನಾಳೆ ಬರ್ತೀಯಲ್ಲ?”

“ಬರುವ ಭಾನುವಾರ ನೀನೇ ತೋರಿಸ್ಬೇಕು ಮಾರಾಯ್ತಿ. ಮನೆಯವರನ್ನೆಲ್ಲ ಕರ್ಕೊಂಡು ಬರ್ತೇವೆ,” ಎಂದರು ಶೆಟ್ರು. ನನ್ನನ್ನು ಒಂದು ಮಾತೂ ಕೇಳಲಿಲ್ಲ.

“ಐತವಾರ ಮುಂಜಾನೆ ಸಾಹೇಬ್ರ ಮನಿ ಭಾಂಡಿ ತಿಕ್ಕೋದು ಇರ್ತೈತಲ್ರಿ,” ಎಂದಳು ನಿಂಗವ್ವ. ಎಲ್ಲರೂ ನನ್ನತ್ತ ತಿರುಗಿದರು. ಕೂಟದ ತೊಡಕು ಬಿಡಿಸುವುದು ಮುಂದಾಳಿನ ಕೆಲಸ. ಬಿಡಿಸಿದೆ.

ಈಗ ಭಾನುವಾರ ಬೆಳಿಗ್ಗೆ ನಿಂಗವ್ವ ಗುಡ್ಡ ಹತ್ತುತ್ತಾಳೆ, ಅವಳ ಹಿಂದೆ ಇಡೀ ಸೊಸೈಟಿ. ನಾನು ಸಿಂಕಿನ ಮುಂದೆ ನಿಲ್ಲುತ್ತೇನೆ. ಮೊನ್ನೆ, ತಳ ಹಿಡಿದ ಬಾಣಲೆಯನ್ನು ಹೇಗೆ ತಿಕ್ಕಬೇಕೆಂದು ಹೆಂಡತಿಗೆ ವಿವರಿಸಿದೆ. ಅವಳು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ತಿರುಗಿಸಿ ನೋಡಿ, “ನಿಂಗವ್ವನನ್ನು ಕೇಳಿಕೊಂಡು ಬನ್ನಿ,” ಎಂದಳು.